ಮನೆಯ ಗೇಟಿನಿಂದ ಬಸ್ ನಿಲ್ದಾಣದವರೆಗೆ: ಫುಟ್‌ಪಾತ್‌ಗೆ ಏನು ಹಾಸಬೇಕು, ಎಲ್ಲಿ ದಾಟಬೇಕು?

ನಮ್ಮ ಮನೆಯಿಂದ ಬಸ್ ನಿಲ್ದಾಣಕ್ಕೆ ಆರುನೂರು ಚಿಲ್ಲರೆ ಹೆಜ್ಜೆ. ಮಂಡಿನೋವಿನ ನಮ್ಮ ಅತ್ತೆಯವರ ಕೈಹಿಡಿದು ನಡೆಯುವಾಗ ಒಮ್ಮೆ ಲೆಕ್ಕ ಇಟ್ಟೆ. ಫುಟ್‌ಪಾತ್ ಮೇಲೆ ಹತ್ತಿದ್ದು ಹದಿನಾಲ್ಕು ಸಲ, ಇಳಿದದ್ದು ಹದಿನಾಲ್ಕು ಸಲ. ಹದಿನೈದನೆಯ ಸಲ ಹತ್ತಬೇಕಾಗಿ ಬಂದಾಗ ಅವರು, "ಸಾಕು ಕಣಮ್ಮ, ರಸ್ತೆಯಲ್ಲೇ ನಡೆಯೋಣ" ಎಂದರು. ಅಲ್ಲಿಂದ ಮುಂದಕ್ಕೆ ಟ್ಯಾಂಕರ್ ಲಾರಿಗಳ ಪಕ್ಕದಲ್ಲೇ ನಡೆದೆವು. ಕಾಮಗಾರಿಯ ದಾಖಲೆಯಲ್ಲಿ ಆ ರಸ್ತೆಗೆ ಎರಡೂ ಬದಿ ಫುಟ್‌ಪಾತ್ ಇದೆ.

ಉತ್ತರ ಬೆಂಗಳೂರಿನ ಅಂಚಿನಲ್ಲಿ ನಮ್ಮಂಥ ಬಡಾವಣೆಗಳಿಗೆ ಲೆಕ್ಕವಿಲ್ಲ. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿಕೊಂಡು ಮಹಾನಗರ ಪಾಲಿಕೆ 'ಬೃಹತ್' ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದೇ ಪ್ರದೇಶ ಐದು ಪಾಲಿಕೆಗಳಾಗಿ ಒಡೆಯಿತು. ಕಚೇರಿಯ ನಾಮಫಲಕ ಎರಡು ಸಲ ಬದಲಾದರೂ ರಾಗಿ ಹೊಲವನ್ನು ನಿವೇಶನ ಮಾಡಿದಾಗ ಬಿಟ್ಟ 20 ಅಡಿ, 30 ಅಡಿ ರಸ್ತೆ ಹಾಗೆಯೇ ಉಳಿದಿದೆ. ಗಾಡಿ ಓಡಾಡುತ್ತಿದ್ದ ಆ ದಾರಿಯ ಎರಡೂ ಬದಿ ಈಗ ನಾಲ್ಕಂತಸ್ತಿನ ಮನೆಗಳು ನಿಂತಿವೆ.

ಇಂಥ ಕಡೆ ಫುಟ್‌ಪಾತ್‌ಗೆ ಸ್ವಲ್ಪ ಅನುದಾನ ಬಂದರೆ ನಿವಾಸಿಗಳ ಸಂಘದ ಸಭೆಯಲ್ಲಿ ಏಳುವ ಮೊದಲ ಪ್ರಶ್ನೆ, "ಇಂಟರ್‌ಲಾಕೋ, ಗ್ರಾನೈಟೋ?" ನನ್ನ ಪ್ರಕಾರ ಅದು ಮೂರನೆಯ ಪ್ರಶ್ನೆ. ಮೋರಿ ಎಲ್ಲಿದೆ, ದಾರಿ ಎಲ್ಲೆಲ್ಲಿ ತುಂಡಾಗುತ್ತದೆ ಎಂಬುದು ಗೊತ್ತಾಗದೆ ಕಲ್ಲು ಆರಿಸಲು ಕುಳಿತರೆ, ಅಳತೆ ಕೊಡದೆ ಅಂಗಿಯ ಬಟ್ಟೆ ಕೊಂಡಂತೆ. ಹಾಗೆ ಕೊಂಡ ಬಟ್ಟೆ ನಮ್ಮ ರಸ್ತೆಯಲ್ಲಿ ಇನ್ನೂ ಬಿದ್ದಿದೆ: ಮುಖ್ಯರಸ್ತೆಯ ಮೂಲೆಯಲ್ಲಿ ಅರವತ್ತು ಅಡಿ ಅಂದವಾದ ಕಲ್ಲು ಹಾಸು, ಅದರಾಚೆ ಮಣ್ಣು.

ಮೋರಿಯ ಮುಚ್ಚಳವೇ ಫುಟ್‌ಪಾತ್

ನಮ್ಮ ಊರುಗಳಲ್ಲಿ ಫುಟ್‌ಪಾತ್ ಎನ್ನುವುದು ಹೆಚ್ಚಿನ ಕಡೆ ಮಳೆನೀರಿನ ಚರಂಡಿಯ ಮುಚ್ಚಳ. ಬಸವನಗುಡಿ, ಮಲ್ಲೇಶ್ವರದ ಹಳೆಯ ಬೀದಿಗಳಲ್ಲಿ ದಪ್ಪ ಚಪ್ಪಡಿಕಲ್ಲು ಹೊದಿಸಿದ್ದೂ ಇದೇ ಲೆಕ್ಕದಲ್ಲಿ. ಆದ್ದರಿಂದ ಮೊದಲು ಆರಿಸಬೇಕಾದದ್ದು ಮೂರು ವಿಧಾನಗಳಲ್ಲಿ ಒಂದನ್ನು: ಚರಂಡಿಯ ಮೇಲೆ ಚಪ್ಪಡಿ ಮುಚ್ಚಿ ಅದರ ಮೇಲೇ ನಡೆಯುವುದು, ಚರಂಡಿಯನ್ನು ಪಕ್ಕಕ್ಕೆ ಬಿಟ್ಟು ಗಟ್ಟಿ ನೆಲದ ಮೇಲೆ ಕಾಲುದಾರಿ ಮಾಡುವುದು, ಇಲ್ಲವೇ ಕೊಳವೆ ಹೂತು ಮೇಲೆ ಹಾಸುವುದು.

ಕೊಳವೆಯ ಆಸೆ ಬಿಡಿ. ನಮ್ಮ ಚರಂಡಿಯಲ್ಲಿ ನೀರಿಗಿಂತ ಹೂಳು, ಪ್ಲಾಸ್ಟಿಕ್ ಹೆಚ್ಚು. ಕೊಳವೆ ಕಟ್ಟಿಕೊಂಡಿದೆ ಎಂಬುದು ನೀರು ಮನೆಯೊಳಗೆ ಬಂದ ಮೇಲೇ ತಿಳಿಯುತ್ತದೆ. ಮುಚ್ಚಳ ತೆಗೆದು ನೋಡುವಂತಿದ್ದರೆ ಕಡೇಪಕ್ಷ ಮೇ ತಿಂಗಳಲ್ಲಿ ಯಾರಾದರೂ ಇಣುಕುತ್ತಾರೆ.

ರಸ್ತೆ 40 ಅಡಿಗಿಂತ ಅಗಲವಿದ್ದರೆ ಚರಂಡಿಯ ಪಕ್ಕದ ಕಾಲುದಾರಿಯೇ ಉತ್ತಮ. ಚರಂಡಿ ತೆರೆದರೂ ದಾರಿ ಹಾಳಾಗುವುದಿಲ್ಲ. ಆದರೆ ನಮ್ಮಲ್ಲಿ ಅಷ್ಟು ಜಾಗ ಎಲ್ಲಿದೆ? ಬಹುಪಾಲು ಬಡಾವಣೆಗಳಿಗೆ ಉಳಿಯುವುದು ಚಪ್ಪಡಿಯೇ, ಅಲ್ಲಿ ಸೋಲುವುದೂ ಚಪ್ಪಡಿಯಿಂದಲೇ. ಹೂಳೆತ್ತಲು ಬಂದವರು ಹಾರೆ ಹಾಕಿ ಎಬ್ಬಿಸುತ್ತಾರೆ, ಹೂಳನ್ನು ಅಲ್ಲೇ ರಾಶಿ ಹಾಕುತ್ತಾರೆ. ಚಪ್ಪಡಿಯನ್ನು ಮತ್ತೆ ಕೂರಿಸುವಾಗ ಒಂದು ಮೂಲೆ ಎದ್ದಿರುತ್ತದೆ, ಇನ್ನೊಂದು ಮುರಿದಿರುತ್ತದೆ. ಅವರ ತಪ್ಪೂ ಅಲ್ಲ. ಮೂರು ಅಡಿ ಉದ್ದ, ಎರಡು ಅಡಿ ಅಗಲ, ಮೂರು ಇಂಚು ದಪ್ಪದ ಕಾಂಕ್ರೀಟ್ ಚಪ್ಪಡಿಯ ತೂಕ ಸುಮಾರು 100 ಕಿಲೋ. ಅದನ್ನು ಎತ್ತಿ ಮೆಲ್ಲಗೆ ಇಳಿಸಿ ಎಂದು ಇಬ್ಬರಿಗೆ ಹೇಳುವುದೇ ಅನ್ಯಾಯ. ಉದ್ದವನ್ನು ಒಂದೂವರೆ ಅಡಿಗೆ ಇಳಿಸಿದರೆ ತೂಕ ಅರ್ಧವಾಗುತ್ತದೆ. ಎರಡು ಕಡೆ ಕಬ್ಬಿಣದ ಕೊಂಡಿ ಹುಗಿಸಿ, ಅದು ಮೇಲ್ಮೈಗಿಂತ ಎದ್ದು ನಿಲ್ಲದಂತೆ ಸಣ್ಣ ಗುಳಿಯಲ್ಲಿ ಕೂರುವಂತೆ ಮಾಡಿಸಿದರೆ ತೆಗೆದವರೇ ಸರಿಯಾಗಿ ಮುಚ್ಚುತ್ತಾರೆ. ಟೆಂಡರ್‌ಗೆ ಅಂದಾಜು ಪಟ್ಟಿ ಸಿದ್ಧವಾಗುವ ಮೊದಲು ಎಂಜಿನಿಯರ್ ಬಳಿ ಈ ಒಂದು ಮಾತು ಹೇಳಿ. ಕಲ್ಲಿನ ಬಣ್ಣದ ಚರ್ಚೆ ಆಮೇಲೂ ಆಗಬಹುದು.

ನಗರದ ನಡುವೆ ಟೆಂಡರ್ ಶ್ಯೂರ್ ಎಂಬ ಯೋಜನೆಯಲ್ಲಿ ಹೊಸದಾಗಿ ಮಾಡಿದ ರಸ್ತೆಗಳನ್ನು ನೋಡಿಬಂದವರು ನಮಗೂ ಅದೇ ಬೇಕು ಎನ್ನುತ್ತಾರೆ. ರೆಸಿಡೆನ್ಸಿ ರಸ್ತೆ, ವಿಠ್ಠಲ್ ಮಲ್ಯ ರಸ್ತೆಗಳಲ್ಲಿ ನಡೆಯುವುದು ನಿಜಕ್ಕೂ ಸುಖ. ಆದರೆ ಅಲ್ಲಿನ ಗುಟ್ಟು ಕಣ್ಣಿಗೆ ಕಾಣುವ ಕಲ್ಲಿನಲ್ಲಿಲ್ಲ. ನೀರು, ಒಳಚರಂಡಿ, ವಿದ್ಯುತ್, ಕೇಬಲ್ ಎಲ್ಲವನ್ನೂ ಫುಟ್‌ಪಾತ್ ಕೆಳಗೆ ಒಂದು ಕ್ರಮದಲ್ಲಿ ಕೂರಿಸಿ, ಅಲ್ಲಲ್ಲಿ ತೆರೆಯಬಹುದಾದ ಕೋಣೆ ಬಿಟ್ಟಿದ್ದಾರೆ. ಅದಕ್ಕೆ ಕಿಲೋಮೀಟರಿಗೆ ಕೋಟಿಗಟ್ಟಲೆ ಖರ್ಚು. ನಮ್ಮ ಅನುದಾನಕ್ಕೆ ಅದು ನಿಲುಕದು. ಆದರೂ ಅಲ್ಲಿಂದ ತರಬಹುದಾದ ಒಂದು ಅಗ್ಗದ ಬುದ್ಧಿಯಿದೆ: ಹಾಸುವ ಮೊದಲೇ ಎರಡು ಖಾಲಿ ಪ್ಲಾಸ್ಟಿಕ್ ಕೊಳವೆಗಳನ್ನು ಉದ್ದಕ್ಕೂ ಹೂತಿಡುವುದು. ನಾಳೆ ಇಂಟರ್‌ನೆಟ್ ಕೇಬಲ್‌ನವರು ಬಂದಾಗ ಅಗೆಯುವ ಬದಲು ಅದರೊಳಗೆ ತಂತಿ ಎಳೆದುಕೊಳ್ಳಲಿ.

ಈಗ ಹಾಸಿನ ವಿಚಾರ

ಇಂಟರ್‌ಲಾಕ್ ಇಟ್ಟಿಗೆಯಿಂದ ಶುರುಮಾಡೋಣ, ಎಲ್ಲರೂ ಮೊದಲು ಕೇಳುವುದು ಅದನ್ನೇ. ಒಳ್ಳೆಯ ಗುಣವೆಂದರೆ ಬಿಚ್ಚಿ ಮತ್ತೆ ಜೋಡಿಸಬಹುದು. ಕೆಟ್ಟ ಗುಣವೆಂದರೆ ಬಿಚ್ಚಿದವರು ಮತ್ತೆ ಜೋಡಿಸುವುದಿಲ್ಲ. ಜೂನ್ ತಿಂಗಳ ಬೆಳಗ್ಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಟು, ನೋಡಲು ಗಟ್ಟಿಯಾಗಿಯೇ ಇದ್ದ ಇಟ್ಟಿಗೆಯ ಮೇಲೆ ಕಾಲಿಟ್ಟಾಗ ಅಡಿಯಿಂದ ಕೆಸರು ನೀರು ಪಿಚಕಾರಿಯಂತೆ ಚಿಮ್ಮಿದ ಅನುಭವ ಈ ಊರಿನಲ್ಲಿ ಯಾರಿಗಿಲ್ಲ? ಇಟ್ಟಿಗೆಯನ್ನು ಬೈದು ಫಲವಿಲ್ಲ. ಅದರ ಕೆಳಗಿನ ಮಣ್ಣನ್ನು ಯಂತ್ರದಿಂದ ದಮ್ಮಸ್ಸು ಮಾಡಿರುವುದಿಲ್ಲ, ಬದಿಯಲ್ಲಿ ಬಿಗಿಯಾಗಿ ಹಿಡಿದಿಡುವ ಅಂಚುಗಲ್ಲು ಇರುವುದಿಲ್ಲ. ಒಂದು ಕಡೆ ಸಡಿಲವಾದರೆ ಸಾಕು, ಹಲ್ಲು ಉದುರಿದಂತೆ ಒಂದರ ಹಿಂದೊಂದು ಹೋಗುತ್ತವೆ.

ಇಂಟರ್‌ಲಾಕ್ ಹಾಕಿಸುವುದೇ ಆದರೆ ದಪ್ಪ ಕೇಳಿ. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡದ ಪ್ರಕಾರ ಬರೀ ನಡಿಗೆಯ ಜಾಗಕ್ಕೆ 50 ಮಿಲಿಮೀಟರ್ ಸಾಕು, ಹಗುರ ವಾಹನ ಹತ್ತುವಲ್ಲಿ 60 ಬೇಕು. ನಮ್ಮ ಫುಟ್‌ಪಾತ್ ಮೇಲೆ ಕಾರು ನಿಲ್ಲುವುದಿಲ್ಲ ಎಂದು ಪ್ರಮಾಣ ಮಾಡಿ ಹೇಳುವವರು ಯಾರೂ ಇಲ್ಲವಾದ್ದರಿಂದ ಗೇಟುಗಳ ಮುಂದಾದರೂ 60ರದ್ದೇ ಹಾಕಿಸುವುದು ಕ್ಷೇಮ.

ಸಾದಾ ಕಾಂಕ್ರೀಟ್ ಹಾಸನ್ನು ಸಭೆಯಲ್ಲಿ ಯಾರೂ ಕೇಳುವುದಿಲ್ಲ, ಅದಕ್ಕೆ ಲಕ್ಷಣವಿಲ್ಲ. ನನ್ನ ಮತ ಅದಕ್ಕೇ. ನಾಲ್ಕು ಇಂಚು ದಪ್ಪ ಹಾಕಿ, ಆರಾರು ಅಡಿಗೆ ಗೀರು ಕೊಟ್ಟು, ಹಸಿ ಇರುವಾಗ ಪೊರಕೆಯಿಂದ ಅಡ್ಡಡ್ಡ ಎಳೆದರೆ ಕಾಲು ಜಾರದ ಒರಟುತನ ಬರುತ್ತದೆ. ಗೀರು ಕೊಡದಿದ್ದರೆ ಅದೇ ತನಗೆ ಬೇಕಾದ ಕಡೆ ಬಿರುಕು ಬಿಟ್ಟುಕೊಳ್ಳುತ್ತದೆ. ಗಾಲಿಕುರ್ಚಿ, ಮಗುವಿನ ತಳ್ಳುಗಾಡಿ, ತರಕಾರಿಯ ಚಕ್ರದ ಚೀಲ ಯಾವುದೂ ತಡವರಿಸುವುದಿಲ್ಲ. ಕಲ್ಲಿನ ಹಾಸಿಗಿಂತ ಎಷ್ಟೋ ಅಗ್ಗ, ಅಂದರೆ ಅದೇ ಹಣದಲ್ಲಿ ಹೆಚ್ಚು ಉದ್ದ. ಎರಡು ತೊಂದರೆಗಳಿವೆ. ಒಮ್ಮೆ ಅಗೆದರೆ ತೇಪೆ ಕಾಣುತ್ತದೆ, ಅದಕ್ಕೇ ಮೇಲೆ ಹೇಳಿದ ಖಾಲಿ ಕೊಳವೆ. ಇನ್ನೊಂದು, ಕನಿಷ್ಠ ಏಳು ದಿನ ಗೋಣಿಚೀಲ ಹೊದಿಸಿ ನೀರುಣಿಸಬೇಕು. ಗುತ್ತಿಗೆದಾರರ ಕಡೆಯವರು ಎರಡನೆಯ ದಿನಕ್ಕೇ ಮರೆಯುತ್ತಾರೆ. ನಮ್ಮ ಬೀದಿಯಲ್ಲಿ ಅವರವರ ಗೇಟಿನ ಮುಂದೆ ಅವರವರೇ ನೀರು ಹಾಕಿದೆವು. ಟ್ಯಾಂಕರ್ ನೀರು ಕೊಳ್ಳುವ ಮನೆಯವರು ಗೊಣಗಿಕೊಂಡೇ ಹಾಕಿದರು.

ಕಲ್ಲಿನ ವಿಷಯಕ್ಕೆ ಬಂದರೆ ದೇವನಹಳ್ಳಿ ಕಡೆಯ ಸಾದರಹಳ್ಳಿ ಬೂದುಕಲ್ಲು ನೂರು ವರ್ಷ ಬಾಳುವ ವಸ್ತು, ಅನುಮಾನವಿಲ್ಲ. ಮೇಲ್ಮೈ ಒರಟಾಗಿರಬೇಕು, ಬೆಂಕಿ ಹಾಯಿಸಿದ್ದು ಅಥವಾ ಉಳಿಯಿಂದ ಚುಚ್ಚಿದ್ದು. ಹೊಳಪು ಕೊಟ್ಟ ಗ್ರಾನೈಟ್ ಮನೆಯ ಹಜಾರಕ್ಕೆ ಸರಿ, ಮಳೆಯಲ್ಲಿ ಅದು ಮೂಳೆ ಮುರಿಯುವ ಜಾಗ. ಕಲಬುರಗಿ ಕಡೆಯವರಿಗಾದರೆ ಶಹಾಬಾದ್ ಕಲ್ಲು ಕೈಗೆಟಕುವಂತಿದೆ, ಅವರು ಅದನ್ನೇ ನೋಡುವುದು ಸರಿ. ನಮಗೆ ಕಲ್ಲು ದುಬಾರಿ. ಬಸ್ ನಿಲ್ದಾಣ, ಶಾಲೆಯ ಮುಂಭಾಗ, ಮಾರುಕಟ್ಟೆಯ ಮೂಲೆ ಹೀಗೆ ಹೆಚ್ಚು ಕಾಲು ಸವೆಯುವ ಕಡೆಗೆ ಮಾತ್ರ ಮೀಸಲಿಡಬಹುದು. ಅಂಗಡಿಯವರು ತಮ್ಮ ಮುಂದೆ ತಾವೇ ಹಾಸಿಕೊಳ್ಳುವ ನುಣುಪು ಟೈಲ್ಸ್ ಬಗ್ಗೆ ಹೇಳುವುದೇನೂ ಇಲ್ಲ, ತೆಗೆಸಿ.

ಹಳದಿ ಉಬ್ಬುಗೆರೆಯ ಟೈಲ್ಸ್ ಅಲಂಕಾರ ಎಂದುಕೊಂಡವರು ಇನ್ನೂ ಇದ್ದಾರೆ. ಉದ್ದ ಗೆರೆ ಎಂದರೆ ಮುಂದೆ ಸಾಗಿ, ಚುಕ್ಕೆ ಎಂದರೆ ನಿಲ್ಲಿ, ಮುಂದೆ ತಿರುವೋ ಅಡ್ಡಿಯೋ ಇದೆ. ದೃಷ್ಟಿ ಇಲ್ಲದವರು ಅದನ್ನು ನಂಬಿ ನಡೆಯುತ್ತಾರೆ. ಅದನ್ನು ನೇರವಾಗಿ ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ಕರೆದೊಯ್ದು ಬಿಡುವುದಕ್ಕಿಂತ ಹಾಕದೇ ಇರುವುದು ಮೇಲು.

ಎತ್ತರ ಎಂಬ ಹಳೇ ಜಗಳ

ನನ್ನ ಅತ್ತೆ ಹದಿನಾಲ್ಕು ಸಲ ಹತ್ತಿ ಇಳಿದದ್ದಕ್ಕೆ ಕಾರಣ ಕಲ್ಲೂ ಅಲ್ಲ, ಇಟ್ಟಿಗೆಯೂ ಅಲ್ಲ. ಫುಟ್‌ಪಾತ್ ಒಂದು ಅಡಿಗೂ ಹೆಚ್ಚು ಎತ್ತರವಿತ್ತು. ಎತ್ತರವಿದ್ದರೆ ಪ್ರತಿಯೊಂದು ಗೇಟಿನ ಮುಂದೆ ಕಾರು ಇಳಿಯಲು ಅದನ್ನು ಕತ್ತರಿಸಲೇಬೇಕು. ಕತ್ತರಿಸಿದಲ್ಲೆಲ್ಲ ನಡೆಯುವವರು ಇಳಿದು ಹತ್ತಬೇಕು. ಮೂವತ್ತಡಿಗೊಂದು ಗೇಟಿರುವ ಬೀದಿಯಲ್ಲಿ ಅದು ದಾರಿಯಾಗುವುದಿಲ್ಲ, ವ್ಯಾಯಾಮವಾಗುತ್ತದೆ.

ಎತ್ತರ ಇರಲಿ ಎನ್ನುವವರ ವಾದವೂ ಪೊಳ್ಳಲ್ಲ. ತಗ್ಗಿದ್ದರೆ ಸ್ಕೂಟರ್‌ಗಳು ಹತ್ತುತ್ತವೆ, ರಸ್ತೆಗೆ ಪ್ರತಿ ಸಲ ಡಾಂಬರು ಬಿದ್ದಾಗ ಇನ್ನಷ್ಟು ತಗ್ಗಾಗುತ್ತದೆ. ಆದರೂ ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಸೌಲಭ್ಯದ ಮಾರ್ಗಸೂಚಿ ಅಂಚುಗಲ್ಲಿನ ಎತ್ತರಕ್ಕೆ 150 ಮಿಲಿಮೀಟರ್ ಮಿತಿ ಹಾಕಿದೆ, ಅಂದರೆ ಆರು ಇಂಚು, ಮನೆಯ ಒಂದು ಮೆಟ್ಟಿಲು. ಅಷ್ಟಕ್ಕೇ ನಿಲ್ಲಿಸಿದರೆ ಗೇಟಿನ ಮುಂದೆಯೂ ಫುಟ್‌ಪಾತ್ ಮಟ್ಟವಾಗಿಯೇ ಮುಂದುವರಿಯಬಹುದು. ಕಾರು ಹತ್ತಲು ಅಂಚಿನಲ್ಲಿ ಎರಡು ಅಡಿ ಇಳಿಜಾರು ಸಾಕು. ಇಳಿದು ಹತ್ತುವ ಕಷ್ಟ ಕಾರಿನ ಪಾಲಿಗೆ ಹೋಗುತ್ತದೆ, ಅದಕ್ಕೆ ಎಂಜಿನ್ ಇದೆ.

ಸ್ಕೂಟರ್ ತಡೆಯಲು ಕಂಬ ನೆಡಿ ಎಂಬ ಸಲಹೆ ಪ್ರತಿ ಸಭೆಯಲ್ಲೂ ಬರುತ್ತದೆ. ಇಲ್ಲಿ ಒಂದು ಸತ್ಯ ಒಪ್ಪಿಕೊಳ್ಳಬೇಕು. ಗಾಲಿಕುರ್ಚಿ ನುಸುಳಲು ಕಂಬಗಳ ನಡುವೆ 90 ಸೆಂಟಿಮೀಟರ್ ಬಿಡಲೇಬೇಕು, ಸ್ಕೂಟರಿನ ಹ್ಯಾಂಡಲ್ ಅದಕ್ಕಿಂತ ಕಿರಿದು. ಗಾಲಿಕುರ್ಚಿಯನ್ನು ಬಿಟ್ಟು ಸ್ಕೂಟರನ್ನು ತಡೆಯುವ ಕಂಬವನ್ನು ನಾನಂತೂ ಕಂಡಿಲ್ಲ. ಅಡ್ಡ ಸರಳು, ತಿರುಗಣೆ ಗೇಟು ಹಾಕಿದ ಕಡೆಗಳಲ್ಲಿ ಹೊರಗುಳಿದವರು ಅಂಗವಿಕಲರೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಜಾರಿಯಲ್ಲಿರುವಾಗ ಅಂಥದ್ದನ್ನು ನಾವೇ ಕೇಳಿ ಹಾಕಿಸಿಕೊಳ್ಳುವುದು ಸರಿಯಲ್ಲ. ಕಂಬ ಕಾರನ್ನು ತಡೆಯಲಿ. ಸ್ಕೂಟರ್ ತಡೆಯುವುದು ಸಂಚಾರ ಪೊಲೀಸರ ಕೆಲಸ, ನಮ್ಮ ನಾಲಿಗೆಯ ಕೆಲಸ.

ಜಾಗವೇ ಇಲ್ಲದ ಬೀದಿಯಲ್ಲಿ

ಅದೇ ಮಾರ್ಗಸೂಚಿ ವಸತಿ ಪ್ರದೇಶದಲ್ಲಿ ಕನಿಷ್ಠ 1.8 ಮೀಟರ್, ಅಂದರೆ ಆರು ಅಡಿ, ಅಡ್ಡಿಯಿಲ್ಲದ ನಡಿಗೆಯ ಅಗಲ ಬೇಕು ಎನ್ನುತ್ತದೆ. ಇಬ್ಬರು ಎದುರುಬದುರಾಗಿ ದಾಟಲು ಬೇಕಾದಷ್ಟು ಜಾಗ ಅದು. ಮರ, ವಿದ್ಯುತ್ ಕಂಬ, ಫಲಕಗಳನ್ನು ಬಿಟ್ಟು ಉಳಿಯಬೇಕಾದ ಅಗಲ, ಸೇರಿಸಿ ಅಲ್ಲ. 20 ಅಡಿ ರಸ್ತೆಯಲ್ಲಿ ಎರಡೂ ಬದಿ ಆರಾರು ಅಡಿ ಬಿಟ್ಟರೆ ನಡುವೆ ಎಂಟೇ ಅಡಿ.

ಹಾಗಾಗಿ ಹೆಚ್ಚಿನವರು ಎರಡೂ ಬದಿ ಎರಡೆರಡು ಅಡಿಯ ಪಟ್ಟಿ ಮಾಡಿಸುತ್ತಾರೆ. ಅದರಲ್ಲಿ ಹೂಕುಂಡ ಇಡಬಹುದು, ನಡೆಯಲಾಗುವುದಿಲ್ಲ. 30 ಅಡಿ ರಸ್ತೆಯಾದರೆ ಒಂದೇ ಬದಿಗೆ ಪೂರ್ತಿ ಆರು ಅಡಿ ಕೊಡಿ, ಬೆಳಿಗ್ಗೆ ಶಾಲೆ, ಬಸ್ ಕಡೆ ಹೋಗುವ ಜನ ಯಾವ ಬದಿಯಲ್ಲಿ ನಡೆಯುತ್ತಾರೋ ಆ ಬದಿಗೆ. ಎದುರು ಸಾಲಿನವರು ಮುನಿಸಿಕೊಳ್ಳುತ್ತಾರೆ, ಮುನಿಸಿಕೊಳ್ಳಲಿ. 20 ಅಡಿಯ ಬೀದಿಯಲ್ಲಿ ಫುಟ್‌ಪಾತ್ ಮಾಡಲೇಬೇಡಿ. ಇಡೀ ಬೀದಿಯೇ ನಡೆಯುವವರದ್ದು, ವಾಹನ ಅತಿಥಿ ಎನ್ನುವಂತೆ ಬೀದಿ ಹೊಕ್ಕುವ ಬಾಯಲ್ಲೇ ಒಂದು ಅಗಲವಾದ ಉಬ್ಬು, ನಡುವೆ ಇನ್ನೊಂದು ಹಾಕಿಸಿ, ಎರಡೂ ಬದಿ ಕಾರು ನಿಲ್ಲದಂತೆ ನೋಡಿಕೊಂಡರೆ ಸಾಕು. ವೇಗ ಗಂಟೆಗೆ 30 ಕಿಲೋಮೀಟರ್ ಮೀರದಿದ್ದರೆ ಅಪಘಾತವಾದರೂ ಜೀವ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಜನರೂ ವಾಹನಗಳೂ ಬೆರೆಯುವ ಬೀದಿಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವ ಮಿತಿಯೂ ಅದೇ.

ಬಿಳಿ ಗೆರೆ ಎಳೆದು ಇದು ಫುಟ್‌ಪಾತ್ ಎನ್ನುವುದು ಮೂರನೆಯ ಆಯ್ಕೆ. ಅಗ್ಗ ನಿಜ, ಆದರೆ ಸಂಜೆಯೊಳಗೆ ಅದು ಪಾರ್ಕಿಂಗ್ ಗೆರೆಯಾಗುತ್ತದೆ.

ತಳ್ಳುಗಾಡಿಯವರನ್ನು ಎಬ್ಬಿಸಿದರೆ ಜಾಗ ಸಿಗುತ್ತದೆ ಎಂಬ ಮಾತಿಗೆ ನನ್ನ ಒಪ್ಪಿಗೆ ಇಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೂ ಜಾಗದ ಹಕ್ಕು ಕೊಟ್ಟಿದೆ. ಅದು ಹಾಗಿರಲಿ, ರಾತ್ರಿ ಒಂಬತ್ತಕ್ಕೆ ಬಸ್ ಇಳಿದು ನಡೆದು ಬರುವ ಹೆಣ್ಣುಮಕ್ಕಳಿಗೆ ನಮ್ಮ ಮೂಲೆಯ ಜೋಳ ಸುಡುವವರ ಕೆಂಡದ ಬೆಳಕೇ ಬೀದಿದೀಪಕ್ಕಿಂತ ಹೆಚ್ಚಿನ ಧೈರ್ಯ. ಆರು ಅಡಿ ಬಿಟ್ಟು ಗಾಡಿ ನಿಲ್ಲಲಿ.

ದಾಟುವುದು: ಮೇಲಿನಿಂದಲೋ ನೆಲದ ಮೇಲೋ

ಬಡಾವಣೆಯ ಒಳಗೆ ಎಷ್ಟು ಚೆನ್ನಾಗಿ ಹಾಸಿದರೂ ಮುಖ್ಯರಸ್ತೆ ದಾಟಲಾಗದಿದ್ದರೆ ದಾರಿ ಅಲ್ಲಿಗೇ ಮುಗಿಯಿತು. ಕೇಳುವುದು ಸ್ಕೈವಾಕ್, ಏಕೆಂದರೆ ಅದು ಕಣ್ಣಿಗೆ ಕಾಣುವ ಸಾಧನೆ. ಲೆಕ್ಕ ಹಾಕಿ. ಕೆಳಗೆ ಲಾರಿ ಹಾಯಲು ಐದೂವರೆ ಮೀಟರ್ ಎತ್ತರ ಬಿಡಬೇಕು, ತೊಲೆ ಸೇರಿ ಆರು ಮೀಟರ್. ಆರಿಂಚಿನ ಮೆಟ್ಟಿಲಾದರೆ ಹತ್ತಲು ನಲವತ್ತು, ಇಳಿಯಲು ನಲವತ್ತು. ಮೆಟ್ಟಿಲ ಬದಲು ಹನ್ನೆರಡಕ್ಕೆ ಒಂದರ ಇಳಿಜಾರು ಮಾಡಿದರೆ ಒಂದೊಂದು ಕಡೆಗೂ 72 ಮೀಟರ್ ಉದ್ದ. ಲಿಫ್ಟ್ ಇದೆ ಎನ್ನುತ್ತಾರೆ, ನಾನು ನೋಡಿದವುಗಳಲ್ಲಿ ಅರ್ಧದ ಬಾಗಿಲಿಗೆ ಬೀಗ. ಜಾಹೀರಾತು ಆದಾಯದ ಲೆಕ್ಕದಲ್ಲಿ ಖಾಸಗಿ ಸಹಭಾಗಿತ್ವದಲ್ಲಿ ಕಟ್ಟುವ ಸ್ಕೈವಾಕ್‌ಗಳಲ್ಲಿ ಇನ್ನೊಂದು ಪೇಚಿದೆ: ಫಲಕ ಚೆನ್ನಾಗಿ ಕಾಣುವ ಜಾಗವೂ ಜನ ದಾಟುವ ಜಾಗವೂ ಒಂದೇ ಆಗಿರಬೇಕೆಂದಿಲ್ಲ.

14 ಮೀಟರ್ ಅಗಲದ ರಸ್ತೆಯನ್ನು ನೆಲದ ಮೇಲೆ ದಾಟಲು ಸಾಮಾನ್ಯ ನಡಿಗೆಗೆ 12 ಸೆಕೆಂಡು ಸಾಕು. ನಡುವಿನ ವಿಭಜಕದಲ್ಲಿ ನಿಲ್ಲಲು ನಾಲ್ಕೈದು ಅಡಿ ಜಾಗ ಮಾಡಿಕೊಟ್ಟರೆ ಒಮ್ಮೆಗೆ ಆರೇ ಸೆಕೆಂಡು, ಒಂದೇ ದಿಕ್ಕಿನ ವಾಹನ ನೋಡಿದರೆ ಆಯಿತು. ದಾಟುವ ಪಟ್ಟಿಯನ್ನು ಫುಟ್‌ಪಾತ್ ಮಟ್ಟಕ್ಕೇ ಎತ್ತರಿಸಿದರೆ ಅದೇ ವೇಗತಡೆಯೂ ಆಗುತ್ತದೆ, ಇಳಿದು ಹತ್ತುವ ಕಾಟವೂ ಇಲ್ಲ. ಬಳ್ಳಾರಿ ರಸ್ತೆ, ತುಮಕೂರು ರಸ್ತೆಯಂಥ ಸಿಗ್ನಲ್ ಇಲ್ಲದೆ ಹರಿಯುವ ಹೆದ್ದಾರಿಯಲ್ಲಿ ಮಾತ್ರ ಬೇರೆ ದಾರಿ ಇಲ್ಲ, ಅಲ್ಲಿ ಸ್ಕೈವಾಕನ್ನೇ ಕೇಳಿ, ಲಿಫ್ಟ್ ನಿರ್ವಹಣೆಯ ಹೊಣೆ ಯಾರದೆಂದು ಬರವಣಿಗೆಯಲ್ಲಿ ಪಡೆಯಿರಿ. ಉಳಿದ ಕಡೆ, ನಾಲ್ಕು ಪಥದ ರಸ್ತೆಯವರೆಗೂ, ನನ್ನ ಆಯ್ಕೆ ನೆಲದ್ದೇ.

ಕೆರೆ ಏರಿ, ರಾಜಕಾಲುವೆ ಬದಿ

ಮುಖ್ಯರಸ್ತೆ ಬಿಟ್ಟು ಒಳದಾರಿ ಮಾಡಿಸೋಣ ಎಂಬ ಯೋಚನೆ ಆಕರ್ಷಕ. ಕೋರಮಂಗಲ ಕಣಿವೆಯ ರಾಜಕಾಲುವೆಯ ಬದಿಯಲ್ಲಿ ಕೆ-100 ಯೋಜನೆ ಅದನ್ನೇ ಮಾಡಹೊರಟಿತು. ಕೆರೆ ಏರಿಯ ಮೇಲಿನ ದಾರಿ ಬೆಳಗಿನ ವಾಕಿಂಗ್‌ಗೆ ಸೊಗಸು. ಆದರೆ ಹಲವು ಕೆರೆಗಳ ಗೇಟಿಗೆ ಸಮಯದ ಕಟ್ಟುಪಾಡಿದೆ, ಕತ್ತಲಾದ ಮೇಲೆ ಜನರಿಲ್ಲ, ಕಾಲುವೆಗೆ ಕೊಳಚೆ ಸೇರುವುದು ನಿಲ್ಲುವವರೆಗೆ ಮೂಗು ಬಿಡಲಾಗುವುದಿಲ್ಲ. ರಸ್ತೆಬದಿಯ ದಾರಿಯ ಹಣವನ್ನು ಅಲ್ಲಿಗೆ ತಿರುಗಿಸಬೇಡಿ. ಎರಡು ಬಡಾವಣೆಗಳ ನಡುವಿನ ಗೋಡೆಯಲ್ಲಿ ಒಂದು ಕಿರುಬಾಗಿಲು ತೆರೆಸಿದರೆ ಅದಕ್ಕಿಂತ ಹೆಚ್ಚಿನ ದೂರ ಉಳಿಯಬಹುದು, ಖರ್ಚೂ ಇಲ್ಲದಷ್ಟೇ.

ಮನವಿಯಿಂದ ಬಿಲ್‌ವರೆಗೆ

ಅಡ್ಡಿಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಮನವಿಯ ಮೊದಲ ಸಾಲಿಗೆ ಅದನ್ನು ಹಾಕಿ. ಎರಡನೆಯ ಸಾಲಿಗೆ ವಿದ್ಯುತ್ ತಂತಿಯ ಮಾತು. 2023ರ ನವೆಂಬರ್‌ನಲ್ಲಿ ವೈಟ್‌ಫೀಲ್ಡ್ ಕಡೆ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ ಮತ್ತು ಎಳೆಗೂಸು ಪ್ರಾಣ ಬಿಟ್ಟರು. ತಂತಿ, ಟ್ರಾನ್ಸ್‌ಫಾರ್ಮರ್, ತೆರೆದ ಕೇಬಲ್ ಪೆಟ್ಟಿಗೆ ಸರಿಪಡಿಸುವುದು ಹಾಸುವ ಕೆಲಸಕ್ಕಿಂತ ಮೊದಲು ಆಗಬೇಕು. ಆಮೇಲೆ ಬೇಕಾದದ್ದು: ಮನೆಯಿಂದ ನಿಲ್ದಾಣದವರೆಗೆ ಒಂದೇ ತುಂಡು, ಅಗಲ ಆರು ಅಡಿ, ಎತ್ತರ ಆರು ಇಂಚು. ಹಣ ಸಾಲದಿದ್ದರೆ ಹಾಸಿನ ದರ್ಜೆ ಇಳಿಸಿ, ಉದ್ದ ಕಡಿಮೆ ಮಾಡಬೇಡಿ.

ಕೆಲಸ ಮುಗಿದು ಬಿಲ್ ಪಾಸಾಗುವ ಮುನ್ನ ಎರಡು ಪರೀಕ್ಷೆ ಮಾಡಿ, ಎಂಜಿನಿಯರ್ ಎದುರಿಗಿರುವಾಗ. ಒಂದು, ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿ ಈ ತುದಿಯಿಂದ ಆ ತುದಿಗೆ ಎತ್ತದೆ ತಳ್ಳಿ ನೋಡಿ. ಇನ್ನೊಂದು, ಬಕೆಟ್ ನೀರು ಸುರಿದು ಅದು ಯಾವ ಕಡೆ ಹರಿಯುತ್ತದೆ ಎಂದು ಕಾಯಿರಿ. ನಮ್ಮ ಬೀದಿಯಲ್ಲಿ ನೀರು ಎರಡನೆಯ ಮನೆಯ ಗೇಟಿನ ಮುಂದೆ ತಟ್ಟೆಯಷ್ಟಗಲ ನಿಂತುಕೊಂಡಿತು. ಮೇಸ್ತ್ರಿ ಬಗ್ಗಿ ನೋಡಿದರು, ಬೆರಳಿನಿಂದ ಆಳ ಅಳೆದರು, ಯಾರ ಮುಖವನ್ನೂ ನೋಡದೆ ಹುಡುಗನಿಗೆ ಉಳಿ ತರಲು ಹೇಳಿದರು.